ಕಲ್ಯಾಣ್–ಶೀಲ್ ರಸ್ತೆಯ ಪುಟ್ಟ ಪೆಟ್ರೋಲ್ ಎಂಜಿನ್‌ಗಳು

ಥಾಣೆಯಿಂದ ಕಲ್ಯಾಣದತ್ತ ಹೋಗುವ ಲೋಕಲ್ ರೈಲು ಮುಂಬ್ರಾ ದಾಟಿದ ಮೇಲೆ ಸಿಗುವ ದಿವಾ, ಜಂಕ್ಷನ್ ಎಂದೇ ಪರಿಚಿತ. ಪನ್ವೇಲ್ ಮತ್ತು ವಸಯಿಯ ಹಳಿಗಳು ಇಲ್ಲಿ ಕವಲೊಡೆಯುತ್ತವೆ. ಕಾರಿನ ಚರಿತ್ರೆಯಲ್ಲೂ ಈ ಪರಿಸರಕ್ಕೆ ಒಂದು ಪಾಲು ಉಂಟೆಂಬುದು ಮಾತ್ರ ಅಷ್ಟಾಗಿ ಚಾಲ್ತಿಯಲ್ಲಿಲ್ಲ. ದಿವಾದಿಂದ ಶೀಲ್‌ಫಾಟಾಕ್ಕೆ ಬಂದು ಕಲ್ಯಾಣದ ದಿಕ್ಕಿಗೆ ತಿರುಗಿದರೆ ಡೊಂಬಿವಲಿ ಪೂರ್ವದಲ್ಲಿ ಪ್ರೀಮಿಯರ್ ಕಾಲನಿ, ಪ್ರೀಮಿಯರ್ ಮೈದಾನ ಎಂಬ ಹೆಸರುಗಳು ಎದುರಾಗುತ್ತವೆ. ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿಗೆ ಕುರ್ಲಾದ ಮೂಲ ಕಾರ್ಖಾನೆಯ ಜೊತೆಗೆ ಇಲ್ಲೂ ಒಂದು ಕಾರ್ಖಾನೆ ಇತ್ತು. 1990ರ ದಶಕದಲ್ಲಿ ಪೆಜೊ 309 ಕಾರು ಇಲ್ಲಿಂದಲೇ ಹೊರಬಂದಿತು. ಕಾರ್ಖಾನೆಯ ಸುತ್ತಿನ ನೆಲದಲ್ಲಿ ಈಗ ಬಹುಮಹಡಿ ವಸತಿ ಸಮುಚ್ಚಯಗಳು ಎದ್ದಿವೆ. ಅವುಗಳ ಪಾರ್ಕಿಂಗಿನಲ್ಲಿ ನಿಂತಿರುವವುಗಳಲ್ಲಿ ದೊಡ್ಡ ಪಾಲು ಸುಜುಕಿ ಮೂಲದ, ಸುಮಾರು ಒಂದು ಲೀಟರ್ ಗಾತ್ರದ ಎಂಜಿನ್‌ಗಳ ಕಾರುಗಳು.

ಪುಟ್ಟ ಪೆಟ್ರೋಲ್ ಎಂಜಿನ್ ಎಂದರೆ ಇಲ್ಲಿ 800ರಿಂದ 1,400 ಸಿಸಿಯೊಳಗಿನದು. ಮೂರೋ ನಾಲ್ಕೋ ಸಿಲಿಂಡರ್, 40ರಿಂದ 75 ಅಶ್ವಶಕ್ತಿ. ಮಧ್ಯಮ ವರ್ಗದ ಮೊದಲ ಕಾರಿಗೂ ಟ್ಯಾಕ್ಸಿಗೂ ಇದೇ ಜೀವಾಳ. ಈ ಭಾಗದ ರಸ್ತೆಗಳಲ್ಲಿ ಇಂಥವು ಮೂರು ತಲೆಮಾರು ಓಡಿವೆ: ಪ್ರೀಮಿಯರ್ ಪದ್ಮಿನಿ ಕಾರಿನ ಫಿಯೆಟ್ ಎಂಜಿನ್, ಪೆಜೊದ ಟಿಯು, ಸುಜುಕಿಯ ಎಫ್ ಮತ್ತು ಕೆ ಸರಣಿಗಳು. ಮೂರೂ ಗಟ್ಟಿ ರಚನೆಗಳೇ. ಆದರೆ ಬಾಳಿಕೆಯ ವಿಷಯದಲ್ಲಿ ಮೂರಕ್ಕೂ ದಕ್ಕಿದ ಹೆಸರು ಬೇರೆ ಬೇರೆ, ಅದರ ಕಾರಣ ಪೂರ್ತಿಯಾಗಿ ಲೋಹದಲ್ಲಿ ಇಲ್ಲ.

ಪ್ರೀಮಿಯರ್‌ನ ಬೇರು ಹುಡುಕುತ್ತ ಹೋದರೆ ಮೈಸೂರು ಸಿಗುತ್ತದೆ. 1930ರ ದಶಕದ ನಡುವಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಯುರೋಪು, ಅಮೆರಿಕಗಳ ಕಾರು ಕಾರ್ಖಾನೆಗಳನ್ನು ನೋಡಿ ಬಂದು ಭಾರತದಲ್ಲೇ ಕಾರು ತಯಾರಿಸುವ ಯೋಜನೆ ಸಿದ್ಧಪಡಿಸಿದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅದರ ಬೆನ್ನಿಗೆ ನಿಂತರು. ಮೈಸೂರು ಸಂಸ್ಥಾನ ಕೈಜೋಡಿಸಲು ತಯಾರಿತ್ತು, ಬ್ರಿಟಿಷ್ ಸರಕಾರ ಬಿಡಲಿಲ್ಲ. ವಾಲ್‌ಚಂದ್ 1940ರಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಆರಂಭಿಸಿದರು, 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಕಟ್ಟಿದರು. ಮೈಸೂರಿನಲ್ಲಿ ಆಗಬಹುದಾಗಿದ್ದ ಕಾರು ಕುರ್ಲಾದಲ್ಲಿ ಆಯಿತು.

ಪದ್ಮಿನಿಯ ಎಂಜಿನ್ನಿನ ವಯಸ್ಸು ಕೇಳಿದರೆ ಇಂದಿನವರಿಗೆ ನಂಬಿಕೆ ಬರದು. 68 ಮಿ.ಮೀ. ಬೋರ್, 75 ಮಿ.ಮೀ. ಸ್ಟ್ರೋಕ್, ನಾಲ್ಕು ಸಿಲಿಂಡರ್, ಒಟ್ಟು 1,089 ಸಿಸಿ. ಈ ಅಳತೆ ಇಟಲಿಯ ಫಿಯೆಟ್ 508ಸಿ ಕಾರಿನದು, 1937ರದು. ಅದೇ ಅಳತೆ 1954ರ ಮಿಲೆಚೆಂಟೊ, 1964ರ ಡಿಲೈಟ್, 1970ರ ದಶಕದ ಪ್ರೆಸಿಡೆಂಟ್, ಕೊನೆಗೆ ಪದ್ಮಿನಿ ಎಂದು ವೇಷ ಬದಲಿಸುತ್ತ ಶತಮಾನದ ಅಂಚಿನವರೆಗೂ ಬಂತು. ಕ್ಯಾಮ್‌ಶಾಫ್ಟ್ ಬ್ಲಾಕಿನ ಬದಿಯಲ್ಲಿ ಕೂತು ಪುಶ್‌ರಾಡ್‌ಗಳ ಮೂಲಕ ವಾಲ್ವ್ ತೆರೆಯುತ್ತಿತ್ತು. ಶಕ್ತಿ 40 ಅಶ್ವಶಕ್ತಿಯ ಆಸುಪಾಸು. ಅಂದಿನ ಕಡಿಮೆ ಆಕ್ಟೇನಿನ ಪೆಟ್ರೋಲಿಗೆ ಹೊಂದುವಂತೆ ಕಂಪ್ರೆಷನ್ ಅನುಪಾತ 8ರ ಒಳಗೇ ಇತ್ತು. ಇಂಧನ ಉಳಿತಾಯದಲ್ಲಿ ಇದು ಬಡವ: ಲೀಟರಿಗೆ ಹತ್ತು–ಹನ್ನೆರಡು ಕಿ.ಮೀ. ಬಂದರೆ ಟ್ಯಾಕ್ಸಿಯವನಿಗೆ ಸಮಾಧಾನ. ಕಾರೇ 900 ಕಿಲೊ ಹತ್ತಿರ ತೂಗುತ್ತಿತ್ತು ಎಂಬುದನ್ನೂ ಮರೆಯಬಾರದು.

ಇಂಥ ಎಂಜಿನ್ನಿಗೆ ‘ಸಾಯದ ಯಂತ್ರ’ ಎಂಬ ಹೆಸರು ಬಂದದ್ದು ಹೇಗೆ? ಅದು ಕೆಡುತ್ತಿರಲಿಲ್ಲ ಎಂದಲ್ಲ, ಕೆಡುತ್ತಲೇ ಇತ್ತು. ಡಿಸ್ಟ್ರಿಬ್ಯೂಟರಿನ ಪಾಯಿಂಟ್ ಸುಡುತ್ತಿತ್ತು, ಕಂಡೆನ್ಸರ್ ಕೈಕೊಡುತ್ತಿತ್ತು, ಕಾರ್ಬುರೇಟರಿನ ಜೆಟ್ಟಿಗೆ ಕಸ ಸಿಕ್ಕುತ್ತಿತ್ತು, ಟ್ಯಾಪೆಟ್ ಟಕಟಕ ಎನ್ನುತ್ತಿತ್ತು. ಮೇ ತಿಂಗಳ ಟ್ರಾಫಿಕ್ಕಿನಲ್ಲಿ ಎಂಜಿನ್ನಿನ ಪಂಪಿನಲ್ಲೇ ಪೆಟ್ರೋಲ್ ಆವಿಯಾಗಿ ಕಾರು ನಿಂತರೆ ಚಾಲಕ ಬಾನೆಟ್ ಎತ್ತಿ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾಯುತ್ತಿದ್ದ. ಆದರೆ ಇವೆಲ್ಲ ಸ್ಕ್ರೂಡ್ರೈವರ್, ಫೀಲರ್ ಗೇಜ್, ಒಂದು ತುಂಡು ಸ್ಯಾಂಡ್‌ಪೇಪರಿನಿಂದ ರಸ್ತೆ ಬದಿಯಲ್ಲೇ ಸರಿಯಾಗುವ ಕಾಯಿಲೆಗಳು. ಸ್ಪಾರ್ಕ್ ಪ್ಲಗ್ ಬೆಂಗಳೂರಿನ ಮೈಕೊ ಕಾರ್ಖಾನೆಯದು, ಯಾವ ಅಂಗಡಿಯಲ್ಲೂ ಸಿಗುತ್ತಿತ್ತು. ಉಳಿದ ಬಿಡಿಭಾಗಕ್ಕೆ ಕುರ್ಲಾದ ಸಿಎಸ್‌ಟಿ ರಸ್ತೆಯ ಹಳೆ ಸಾಮಾನಿನ ಸಾಲು ಇತ್ತು. ಎಣ್ಣೆ ಕುಡಿಯಲು ಶುರುಮಾಡಿದರೆ ಬ್ಲಾಕನ್ನು ರೀಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿಸುವುದು, ಕ್ರ್ಯಾಂಕ್ ಉಜ್ಜಿಸುವುದು. ಮೆಕ್ಯಾನಿಕ್‌ಗಳ ಮಾತಿನಲ್ಲಿ ‘ಹಾಫ್ ಎಂಜಿನ್’ ಕೆಲಸ. ಎರಕದ ಕಬ್ಬಿಣದ ದಪ್ಪ ಗೋಡೆ ಇಂಥ ಪುನರ್ಜನ್ಮಗಳನ್ನು ತಡೆದುಕೊಳ್ಳುತ್ತಿತ್ತು. ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾದದ್ದು 2003ರ ಅಕ್ಟೋಬರಿನಲ್ಲಿ. ಟ್ಯಾಕ್ಸಿಗೆ 20 ವರ್ಷದ ಮಿತಿ ಇದ್ದುದರಿಂದ 2023ರ ಅಕ್ಟೋಬರ್ ಕೊನೆಗೆ ಅದು ರಸ್ತೆಯಿಂದ ಇಳಿಯಿತು. ಇಳಿಸಿದ್ದು ಕಾನೂನು, ಎಂಜಿನ್ ಅಲ್ಲ.

ಡೊಂಬಿವಲಿಯ ಪೆಜೊ ಇದಕ್ಕೆ ತದ್ವಿರುದ್ಧ ಕಥೆ. 309ರ ಪೆಟ್ರೋಲ್ ಮಾದರಿಯಲ್ಲಿದ್ದುದು 75 ಮಿ.ಮೀ. ಬೋರ್, 77 ಮಿ.ಮೀ. ಸ್ಟ್ರೋಕಿನ 1,360 ಸಿಸಿ ಟಿಯು ಎಂಜಿನ್. ಫ್ರಾನ್ಸಿನಲ್ಲಿ 1986ರಲ್ಲಿ ಬಂದ ಈ ಕುಟುಂಬದ ಎಂಜಿನ್‌ಗಳು ಯುರೋಪಿನ ಸಣ್ಣ ಕಾರುಗಳಲ್ಲಿ ಎರಡು ದಶಕಕ್ಕೂ ಮಿಕ್ಕಿ ದುಡಿದಿವೆ. ಕ್ಯಾಮ್‌ಶಾಫ್ಟ್ ಹೆಡ್ಡಿನ ಮೇಲೆ, ಅದನ್ನು ತಿರುಗಿಸುವುದು ಹಲ್ಲಿನ ರಬ್ಬರ್ ಬೆಲ್ಟ್. ಹಗುರ, ಚುರುಕು, ಪದ್ಮಿನಿಗಿಂತ ಎಷ್ಟೋ ಮುಂದಿನ ಕಾಲದ್ದು. ಆದರೆ 1996ರ ಹೊತ್ತಿಗೆ ಕಾರ್ಮಿಕ ಮುಷ್ಕರ, ಡೀಲರ್‌ಗಳೊಂದಿಗಿನ ತಕರಾರು ಎಲ್ಲ ಸೇರಿ ಕಂಪನಿ ಕುಸಿಯಿತು. ದಶಕ ಮುಗಿಯುವ ಮೊದಲೇ ಪೆಜೊ ಕೈತೊಳೆದುಕೊಂಡಿತು. ಕಾರು ಕೊಂಡವರು ಬೆಲ್ಟಿಗೆ, ಗ್ಯಾಸ್ಕೆಟ್ಟಿಗೆ, ವಾಟರ್ ಪಂಪಿಗೆ ಅಲೆದಾಡಿದರು. ಬೆಲ್ಟಿನ ಎಂಜಿನ್ನಿಗೆ ಬೆಲ್ಟೇ ಸಿಗದಿದ್ದರೆ ಏನು ಮಾಡುವುದು? ಅದು ಹರಿದರೆ ಕ್ಯಾಮ್ ನಿಂತು, ತೆರೆದೇ ಉಳಿದ ವಾಲ್ವಿಗೆ ಪಿಸ್ಟನ್ ಬಡಿದು ಹೆಡ್ ಹಾಳು. ಹೀಗೆ ಒಳ್ಳೆಯ ಎಂಜಿನ್ ಒಂದಕ್ಕೆ ಇಲ್ಲಿ ಕೆಟ್ಟ ಹೆಸರು ಬಂತು. ವಿಚಿತ್ರವೆಂದರೆ ಅದೇ ಟಿಯು ಕುಟುಂಬದ ಡೀಸೆಲ್ ರೂಪವನ್ನು ಪ್ರೀಮಿಯರ್ ತನ್ನ ರಿಯೊ ಗಾಡಿಗಾಗಿ 2009ರಲ್ಲಿ ಮತ್ತೆ ಹೊರತೆಗೆಯಿತು.

ಇಷ್ಟರಲ್ಲಿ ಊರು ಸುಜುಕಿ ಎಂಜಿನ್ನಿನ ಮಾರುತಿಯದಾಗಿತ್ತು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರ ಎಫ್8ಬಿ ಎಂಜಿನ್ 68.5 ಮಿ.ಮೀ. ಬೋರ್, 72 ಮಿ.ಮೀ. ಸ್ಟ್ರೋಕ್, ಮೂರು ಸಿಲಿಂಡರ್, 796 ಸಿಸಿ. ಅದೇ ಅಳತೆಯ ಇನ್ನೊಂದು ಸಿಲಿಂಡರ್ ಸೇರಿಸಿದರೆ 1,061 ಸಿಸಿ. 1999ರ ಕೊನೆಗೆ ಬಂದ ವ್ಯಾಗನ್ ಆರ್‌ನ ಎಫ್10ಡಿ ಅದೇ. ಸಿಲಿಂಡರ್ ಪೂರ್ತಿ ಹೊಸದಾಗಿ ರೂಪಿಸದೆ ಇದ್ದುದನ್ನೇ ಕೂಡಿಸಿ ಕಳೆದು ಎಂಜಿನ್ ಮಾಡುವುದು ಸುಜುಕಿಯ ಜಾಣತನ. ಬಿಡಿಭಾಗದ ಬೆಲೆ ಕೆಳಗಿದ್ದುದರ ಗುಟ್ಟೂ ಅದರಲ್ಲಿದೆ. 2010ರ ಏಪ್ರಿಲ್‌ನಲ್ಲಿ ಮುಂಬಯಿ ಸೇರಿ 13 ನಗರಗಳಿಗೆ ಭಾರತ್ ಸ್ಟೇಜ್ 4 ನಿಯಮ ಬಂದಾಗ ಮಾರುತಿ 800 ಆ ನಗರಗಳ ಮಾರುಕಟ್ಟೆಯಿಂದ ಹಿಂದೆ ಸರಿಯಿತು. ಬೇರೆಡೆ ಅದು 2014ರ ಜನವರಿಯವರೆಗೂ ತಯಾರಾಯಿತು.

ಆ ಜಾಗ ತುಂಬಿದ್ದು ಕೆ ಸರಣಿಯ ಕೆ10ಬಿ. 2008ರಲ್ಲಿ ಎ-ಸ್ಟಾರ್ ಕಾರಿನಲ್ಲಿ ಬಂದು 2010ರಲ್ಲಿ ವ್ಯಾಗನ್ ಆರ್‌ಗೆ, ಆಮೇಲೆ ಆಲ್ಟೊ, ಸೆಲೆರಿಯೊಗಳಿಗೆ ಹರಡಿತು. 73 ಮಿ.ಮೀ. ಬೋರ್, 79.5 ಮಿ.ಮೀ. ಸ್ಟ್ರೋಕ್, 998 ಸಿಸಿ. ಮೂರು ಸಿಲಿಂಡರಿಗೆ ಹನ್ನೆರಡು ವಾಲ್ವ್, ಎರಡು ಕ್ಯಾಮ್‌ಶಾಫ್ಟ್, ಅಲ್ಯೂಮಿನಿಯಂ ಬ್ಲಾಕ್. ಬೆಲ್ಟಿನ ಬದಲು ಉಕ್ಕಿನ ಚೈನ್. ಗರಿಷ್ಠ ಶಕ್ತಿ 6,200 ಸುತ್ತಿನಲ್ಲಿ ಸುಮಾರು 67 ಅಶ್ವಶಕ್ತಿ, ಟಾರ್ಕ್ 3,500 ಸುತ್ತಿನಲ್ಲಿ 90 ನ್ಯೂಟನ್ ಮೀಟರ್. ಪದ್ಮಿನಿಗಿಂತ 91 ಸಿಸಿ ಕಡಿಮೆ, ಶಕ್ತಿ ಒಂದೂವರೆ ಪಟ್ಟಿಗೂ ಹೆಚ್ಚು. ಇದರ ಮುಂದಿನ ರೂಪ ಕೆ10ಸಿಯಲ್ಲಿ ಸಿಲಿಂಡರಿಗೆ ಎರಡೆರಡು ಇಂಜೆಕ್ಟರ್. ಪೆಟ್ರೋಲ್ ಇನ್ನೂ ಸಣ್ಣ ಹನಿಗಳಾಗಿ ಸಿಂಪಡಣೆಯಾಗುತ್ತದೆ, ಕಾರು ನಿಂತಾಗ ಎಂಜಿನ್ ತಾನೇ ಆರಿ ಕ್ಲಚ್ ಒತ್ತಿದೊಡನೆ ಹೊತ್ತಿಕೊಳ್ಳುತ್ತದೆ. 2022ರ ಆಲ್ಟೊ ಕೆ10ಗೆ ಅಧಿಕೃತ ಪರೀಕ್ಷೆಯ ಅಂಕ ಲೀಟರಿಗೆ 24.39 ಕಿ.ಮೀ., ಸೆಲೆರಿಯೊದ ಒಂದು ಮಾದರಿಗೆ 26.68.

ಮೂರೇ ಸಿಲಿಂಡರ್ ಯಾಕೆ ಎಂಬ ಪ್ರಶ್ನೆ ಶೋರೂಮಿನಲ್ಲಿ ಇಂದಿಗೂ ಏಳುತ್ತದೆ. ಒಂದು ಪಿಸ್ಟನ್, ಅದರ ರಿಂಗುಗಳು, ಒಂದು ಜೋಡಿ ಬೇರಿಂಗ್ ಕಡಿಮೆಯಾದರೆ ಅಷ್ಟು ಘರ್ಷಣೆ ಕಡಿಮೆ. ಪುಟ್ಟ ಎಂಜಿನ್ನಿನಲ್ಲಿ ಸುಟ್ಟ ಪೆಟ್ರೋಲಿನ ಗಣನೀಯ ಪಾಲು ತನ್ನನ್ನೇ ತಿರುಗಿಸಿಕೊಳ್ಳಲು ಹೋಗುವುದರಿಂದ ಈ ಉಳಿತಾಯ ಲೆಕ್ಕಕ್ಕೆ ಬರುತ್ತದೆ. ಬೆಲೆ ತೆರುವುದು ಅದುರಾಟದಲ್ಲಿ. ಮೂರು ಪಿಸ್ಟನ್‌ಗಳ ಬಲ ಒಂದನ್ನೊಂದು ರದ್ದುಮಾಡಿದರೂ ಅವು ಒಂದೇ ಗೆರೆಯಲ್ಲಿ ಇಲ್ಲದ್ದರಿಂದ ಎಂಜಿನ್ ಉದ್ದಕ್ಕೆ ತೊಟ್ಟಿಲಿನಂತೆ ತೂಗುತ್ತದೆ. ಅದನ್ನು ನುಂಗುವುದು ರಬ್ಬರಿನ ಮೌಂಟಿಂಗ್‌ಗಳು. ಐದಾರು ವರ್ಷ ಕಳೆದು ರಬ್ಬರ್ ಗಡಸಾದಾಗ ಸಿಗ್ನಲ್‌ನಲ್ಲಿ ಸ್ಟೀರಿಂಗ್ ನಡುಗಲು ಶುರುವಾಗುತ್ತದೆ. ಮಾಲೀಕ ಎಂಜಿನ್ನೇ ಹೋಯಿತೆಂದು ಹೆದರುತ್ತಾನೆ. ಮೌಂಟಿಂಗ್ ಬದಲಿಸಿದರೆ ಸಾಕು.

ಕಲ್ಯಾಣ್–ಶೀಲ್ ರಸ್ತೆ, ಮುಂಬ್ರಾ ಬೈಪಾಸ್, ದಿವಾ ರೈಲ್ವೆ ಗೇಟಿನ ಎರಡೂ ಬದಿ. ಇಲ್ಲೆಲ್ಲ ಕಾರು ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ಪರೀಕ್ಷಾ ಕೇಂದ್ರದ 24 ಕಿ.ಮೀ. ಇಲ್ಲಿ 14–16ಕ್ಕೆ ಇಳಿದರೆ ಅದು ಕಂಪನಿಯ ಮೋಸವೂ ಅಲ್ಲ, ಎಂಜಿನ್ನಿನ ದೋಷವೂ ಅಲ್ಲ. ಎಸಿ ಹಾಕಿಕೊಂಡು ನಿಂತ ಒಂದು ಲೀಟರಿನ ಎಂಜಿನ್ ಗಂಟೆಗೆ ಅರ್ಧದಿಂದ ಒಂದು ಲೀಟರ್ ಪೆಟ್ರೋಲನ್ನು ಸುಮ್ಮನೆ ಕುಡಿಯುತ್ತದೆ.

ಹೀಗೆ ನಿಂತು ತೆವಳುವುದರ ಇನ್ನೊಂದು ಪರಿಣಾಮ ಕಣ್ಣಿಗೆ ಬೀಳುವುದಿಲ್ಲ. ಎಣ್ಣೆ ಬದಲಾವಣೆಗೆ ಕಂಪನಿ ಹೇಳುವುದು 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಗಂಟೆಗೆ ಸರಾಸರಿ 50 ಕಿ.ಮೀ. ಓಡುವ ಹೆದ್ದಾರಿ ಕಾರು ಅಷ್ಟು ದೂರಕ್ಕೆ ಎಂಜಿನ್ ತಿರುಗಿಸುವುದು 200 ಗಂಟೆ. ಡೊಂಬಿವಲಿಯಿಂದ ಐರೋಲಿಗೋ ಮಹಾಪೆಗೋ ಸರಾಸರಿ 15ರಲ್ಲಿ ತೆವಳುವ ಕಾರು 660 ಗಂಟೆಗೂ ಹೆಚ್ಚು. ಮೀಟರಿನಲ್ಲಿ ದೂರ ಒಂದೇ, ಎಣ್ಣೆಯ ದುಡಿಮೆ ಮೂರು ಪಟ್ಟಿಗೂ ಮಿಕ್ಕಿ. ಈ ಎಂಜಿನ್ನುಗಳಲ್ಲಿ ಇರುವ ಎಣ್ಣೆಯೇ ಮೂರು ಲೀಟರಿನ ಆಸುಪಾಸು, ಅರ್ಧ ಲೀಟರ್ ಕಡಿಮೆಯಾದರೆ ಆರನೇ ಒಂದು ಪಾಲು ಹೋದಂತೆ. ಆದ್ದರಿಂದ ಈ ಭಾಗದಲ್ಲಿ 7,000ಕ್ಕೇ ಎಣ್ಣೆ ಬದಲಿಸುವುದು ದುಂದುಗಾರಿಕೆ ಅಲ್ಲ, ತಿಂಗಳಿಗೊಮ್ಮೆ ಡಿಪ್‌ಸ್ಟಿಕ್ ಎಳೆದು ನೋಡುವುದು ಅತಿಜಾಗ್ರತೆಯೂ ಅಲ್ಲ. ಮನೆಯಿಂದ ಸ್ಟೇಶನ್ನಿಗೆ ಎರಡು ಕಿ.ಮೀ. ಬಿಟ್ಟು ಬೇರೆಲ್ಲೂ ಹೋಗದ ಕಾರಿನ ಪಾಡು ಇನ್ನೂ ಕಷ್ಟ. ಎಣ್ಣೆ ಸರಿಯಾಗಿ ಬಿಸಿಯೇ ಆಗದೆ ಒಳಗಿನ ತೇವ ಆರುವುದಿಲ್ಲ, ಸುಡದ ಪೆಟ್ರೋಲ್ ಅದರಲ್ಲಿ ಬೆರೆಯುತ್ತದೆ, ಎಣ್ಣೆ ಮುಚ್ಚಳದ ಅಡಿ ಮಜ್ಜಿಗೆಯ ಬಣ್ಣದ ಪದರ ಕಟ್ಟುತ್ತದೆ. ಕಡಿಮೆ ಓಡಿದ ಕಾರೆಂದು ಹೆಮ್ಮೆಪಡುವ ಮುನ್ನ ಆ ಮುಚ್ಚಳ ತಿರುಗಿಸಿ ನೋಡಬೇಕು. ಚೈನ್ ಇರುವ ಎಂಜಿನ್ನಿಗೆ ಎಣ್ಣೆಯ ನಿಗಾ ಮತ್ತೂ ಮುಖ್ಯ. ಬೆಲ್ಟಿನಂತೆ ಚೈನನ್ನು ಇಷ್ಟು ಕಿಲೋಮೀಟರಿಗೆ ಬದಲಿಸಿ ಎಂಬ ನಿಯಮವಿಲ್ಲ, ಆದರೆ ಅದರ ಕೀಲುಗಳೂ ಟೆನ್ಷನರೂ ಬದುಕುವುದು ಎಣ್ಣೆಯ ಮೇಲೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮುಂಭಾಗದಿಂದ ಕೆಲ ಕ್ಷಣ ಗಲಗಲ ಸದ್ದು ಬಂದರೆ ಚೈನ್ ಸಡಿಲವಾಗುತ್ತಿದೆ ಎಂದರ್ಥ.

ಪದ್ಮಿನಿಯ ಕಾಲದ ಕೆಲವು ರೂಢಿಗಳು ಇಂದಿನ ಎಂಜಿನ್ನುಗಳಿಗೆ ವಿಷ. ಹಳೆಯ ಮೆಕ್ಯಾನಿಕ್‌ಗಳು ಬಿಸಿಯ ಕಾಟ ತಪ್ಪಿಸಲು ಥರ್ಮೋಸ್ಟಾಟನ್ನು ಕಿತ್ತೆಸೆಯುತ್ತಿದ್ದರು, ಕಾರ್ಬುರೇಟರಿನ ಎಂಜಿನ್ ಅದನ್ನು ಸಹಿಸುತ್ತಿತ್ತು. ಇಂಜೆಕ್ಷನ್ ಎಂಜಿನ್ನಿನಲ್ಲಿ ಹಾಗೆ ಮಾಡಿದರೆ ನೀರು ತಕ್ಕ ಬಿಸಿಗೆ ಬರುವುದೇ ಇಲ್ಲ, ಎಂಜಿನ್ ಇನ್ನೂ ತಣ್ಣಗಿದೆಯೆಂದು ಕಂಪ್ಯೂಟರ್ ಹೆಚ್ಚು ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಆವರೇಜ್ ಬೀಳುತ್ತದೆ, ಪ್ಲಗ್ ಕಪ್ಪಾಗುತ್ತದೆ. ರೇಡಿಯೇಟರಿಗೆ ಟ್ಯಾಂಕರ್ ನೀರೋ ಬೋರ್‌ವೆಲ್ ನೀರೋ ಹಾಕುವುದೂ ಅಂಥದ್ದೇ. ಕಬ್ಬಿಣದ ಬ್ಲಾಕ್ ಸುಣ್ಣ ಕಟ್ಟಿಕೊಂಡು ಕುಂಟುತ್ತ ನಡೆಯುತ್ತಿತ್ತು, ಅಲ್ಯೂಮಿನಿಯಂ ಸವೆದು ತೂತು ಬೀಳುತ್ತದೆ. ಕೂಲೆಂಟ್ ಬರೀ ಬಣ್ಣದ ನೀರಲ್ಲ, ಅದರಲ್ಲಿರುವುದು ತುಕ್ಕುನಿರೋಧಕ. ಒಮ್ಮೆ ಎಂಜಿನ್ ಕುದಿದು ಹೆಡ್ ಬಾಗಿದರೆ ಸಣ್ಣ ಕಾರಿನ ಗಳಿಕೆಯೆಲ್ಲ ಒಂದೇ ಬಿಲ್ಲಿನಲ್ಲಿ ಮುಗಿಯುತ್ತದೆ.

ಇನ್ನೊಂದು ಹಳೆಯ ಅಭ್ಯಾಸ, ಎಂಜಿನ್ ಕೂಗಿದರೆ ಹೆದರುವುದು. ಮೇ ರಜೆಗೆ ಡೊಂಬಿವಲಿಯಿಂದ ಉಡುಪಿ, ಮಂಗಳೂರಿನ ಕಡೆ ಹೊರಟ ಕುಟುಂಬ ಪನ್ವೇಲ್‌ನಲ್ಲಿ ರಾಷ್ಟ್ರೀಯ ಹೆದ್ದಾರಿ 66 ಹಿಡಿಯುತ್ತದೆ: ಐದು ಜನ, ಮೇಲೆ ಲಗೇಜು, ಒಳಗೆ ಎಸಿ. ಘಾಟಿಯಲ್ಲಿ ನಾಲ್ಕನೇ ಗೇರಿನಲ್ಲೇ ಉಸಿರುಗಟ್ಟಿಸಿ ಹತ್ತಿಸುವವರು ಬಹಳ. 3,500ರಲ್ಲಿ ಟಾರ್ಕ್ ಕೊಡುವ ಎಂಜಿನ್ನನ್ನು 1,500ರಲ್ಲಿ ದುಡಿಸಿದರೆ ಬೇರಿಂಗಿಗೆ ಹೊರೆ, ಕೂಲಿಂಗಿಗೂ ಹೊರೆ. ಎರಡನೇ ಗೇರಿಗೆ ಇಳಿಸಿ ಕೂಗಲು ಬಿಡುವುದೇ ಅದಕ್ಕೆ ಹಿತ. ಈ ಉದ್ದ ಪ್ರಯಾಣ ಊರೊಳಗಿನ ವರ್ಷಪೂರ್ತಿ ತೆವಳಿಕೆಗಿಂತ ಎಂಜಿನ್ನಿನ ಆರೋಗ್ಯಕ್ಕೆ ಒಳ್ಳೆಯದು.

ಇಗ್ನಿಷನ್ ಕಾಯಿಲ್ ಇಂದಿನ ಎಂಜಿನ್ನುಗಳ ದುರ್ಬಲ ಕೊಂಡಿ. ಪ್ರತಿ ಪ್ಲಗ್ಗಿನ ತಲೆಯ ಮೇಲೂ ಒಂದೊಂದು ಕಾಯಿಲ್. ಒಂದು ಸತ್ತರೆ ಉಳಿದ ಎರಡು ಸಿಲಿಂಡರಿನಲ್ಲಿ ಕಾರು ಕುಂಟುತ್ತ ಮನೆ ಸೇರಬಲ್ಲದು. ಹಾಗೇ ವಾರಗಟ್ಟಲೆ ಓಡಿಸಿದರೆ ಮಾತ್ರ ಸುಡದ ಪೆಟ್ರೋಲ್ ಸೈಲೆನ್ಸರಿನ ದಾರಿಯ ಕೆಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿದು ಅದನ್ನು ಕರಗಿಸುತ್ತದೆ. ಕಾಯಿಲ್ ಅಗ್ಗ, ಕನ್ವರ್ಟರ್ ದುಬಾರಿ.

ಮಳೆಗಾಲದ ಅಪಾಯ ಇವೆಲ್ಲಕ್ಕಿಂತ ದೊಡ್ಡದು. ಖಾಡಿಯ ಅಂಚಿನ ದಿವಾ ತಗ್ಗು ನೆಲ. ಉಲ್ಹಾಸ್ ನದಿ ಉಕ್ಕಿದಾಗ ಕಲ್ಯಾಣ್, ಬದ್ಲಾಪುರದ ಕೆಳಭಾಗಗಳು ಮುಳುಗುತ್ತವೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿದಾಗ ಈ ಪ್ರದೇಶದ ಎಷ್ಟೋ ಕಾರುಗಳು ನೀರಿನಡಿ ಇದ್ದವು. ನಿಂತ ಕಾರು ಮುಳುಗಿದ ಮಾತ್ರಕ್ಕೆ ಎಂಜಿನ್ ಒಡನೆ ಹಾಳಾಗುವುದಿಲ್ಲ. ಹೆಚ್ಚಾಗಿ ಹಾಳಾಗುವುದು ನೀರಿನಲ್ಲಿ ಓಡುವಾಗ, ಇಲ್ಲವೇ ನೀರಿಳಿದ ಮೇಲೆ ಅವಸರಪಟ್ಟು ಕೀಲಿ ತಿರುಗಿಸಿದಾಗ. ಗಾಳಿಯ ದಾರಿಯಲ್ಲಿ ಸಿಲಿಂಡರಿಗೆ ನುಗ್ಗಿದ ನೀರು ಗಾಳಿಯಂತೆ ಕುಗ್ಗದು, ಮೇಲೇರಿದ ಪಿಸ್ಟನ್ ಅದಕ್ಕೆ ಗುದ್ದಿ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಅಂಥ ಕಾರನ್ನು ಎಳೆಸಿಕೊಂಡು ಹೋಗಿ, ಪ್ಲಗ್ ಬಿಚ್ಚಿ ನೀರು ಹೊರಹಾಕಿ, ಎಣ್ಣೆ ಬದಲಿಸಿದ ಮೇಲಷ್ಟೇ ತಿರುಗಿಸಬೇಕು. ಎಂಜಿನ್ ರಕ್ಷಣೆಯ ಪ್ರತ್ಯೇಕ ಕವಚ ಪಡೆಯದಿದ್ದರೆ ಸಾಮಾನ್ಯ ವಿಮೆ ಈ ನಷ್ಟವನ್ನು ಬಹುತೇಕ ಒಪ್ಪುವುದಿಲ್ಲ.

ಇಂಧನವೂ ಬದಲಾಗುತ್ತ ಬಂದಿದೆ. ಸೀಸವಿಲ್ಲದ ಪೆಟ್ರೋಲ್ ಮುಂಬಯಿ ಸೇರಿ ನಾಲ್ಕು ಮಹಾನಗರಗಳಿಗೆ 1995ರಲ್ಲಿ, ದೇಶಕ್ಕೆಲ್ಲ 2000ದಲ್ಲಿ ಬಂತು. ಅದೇ ಹೊತ್ತಿಗೆ ಹೈಕೋರ್ಟಿನ ಆದೇಶಗಳ ಒತ್ತಡದಲ್ಲಿ ಟ್ಯಾಕ್ಸಿಗಳು ಸಿಎನ್‌ಜಿಗೆ ತಿರುಗಿದವು, ಪದ್ಮಿನಿಯ ಡಿಕ್ಕಿಯಲ್ಲೂ ಸಿಲಿಂಡರ್ ಕೂತಿತು. 1995ರಲ್ಲಿ ಸ್ಥಾಪನೆಯಾದ ಮಹಾನಗರ್ ಗ್ಯಾಸ್‌ನ ಜಾಲ ಈಗ ಥಾಣೆ, ಕಲ್ಯಾಣ್, ಡೊಂಬಿವಲಿ, ನವಿಮುಂಬಯಿಗಳನ್ನು ಮುಟ್ಟಿದೆ. ಒಂದು ಲೀಟರಿನ ವ್ಯಾಗನ್ ಆರ್ ಸಿಎನ್‌ಜಿಯ ಅಧಿಕೃತ ಅಂಕ ಕಿಲೊಗೆ 34.05 ಕಿ.ಮೀ. ಆದರೆ ಅನಿಲ ಸಿಲಿಂಡರಿನೊಳಗೆ ಗಾಳಿಯ ಜಾಗ ತಿನ್ನುವುದರಿಂದ 67ರ ಶಕ್ತಿ 57ಕ್ಕೆ ಇಳಿಯುತ್ತದೆ. ಸಿಎನ್‌ಜಿ ಒಣ ಇಂಧನ. ಪೆಟ್ರೋಲ್ ಹನಿಗಳು ವಾಲ್ವಿಗೆ ಕೊಡುತ್ತಿದ್ದ ತಂಪು ಇದರಲ್ಲಿ ಇಲ್ಲ. ಕಂಪನಿಯೇ ಅಳವಡಿಸಿದ ಕಾರಿನಲ್ಲಿ ವಾಲ್ವ್ ಸೀಟು ಅದಕ್ಕೆ ತಕ್ಕ ಲೋಹದ್ದು, ಹೊರಗಡೆ ಕಿಟ್ ಕೂರಿಸಿದ್ದರಲ್ಲಿ ಸೀಟು ಸವೆದು ಕಂಪ್ರೆಷನ್ ಸೋರುವುದು ಹೆಚ್ಚು. ದಿನವೂ ಮೊದಲ ಕೆಲ ಕಿಲೋಮೀಟರ್ ಪೆಟ್ರೋಲಿನಲ್ಲಿ ಓಡಿಸುವ ಚಾಲಕರ ರೂಢಿಗೆ ಅರ್ಥವಿದೆ. ಇಂಜೆಕ್ಟರ್ ಕಟ್ಟಿಕೊಳ್ಳುವುದೂ ಅದರಿಂದ ತಪ್ಪುತ್ತದೆ. ಗ್ಯಾಸ್ ಸಿಲಿಂಡರಿಗೆ ಮೂರು ವರ್ಷಕ್ಕೊಮ್ಮೆ ನೀರೊತ್ತಡದ ಪರೀಕ್ಷೆ ಕಡ್ಡಾಯ.

ಇತ್ತೀಚಿನ ಚರ್ಚೆ ಶೇ. 20 ಎಥನಾಲ್ ಬೆರೆತ ಪೆಟ್ರೋಲಿನದು. ಎಥನಾಲಿನ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಶುದ್ಧ ಪೆಟ್ರೋಲಿಗೆ ರಚಿಸಿ ಶೇ. 10ರ ಮಿಶ್ರಣಕ್ಕೆ ಹೊಂದಿಸಿದ ಕಾರುಗಳಲ್ಲಿ ಮೈಲೇಜ್ ಶೇ. 6–7 ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜಿಸಿತ್ತು. 2023ರ ಏಪ್ರಿಲ್‌ಗಿಂತ ಹಳೆಯ ಕಾರುಗಳಲ್ಲಿ ಗಮನಿಸಬೇಕಾದ್ದು ಇಂಧನ ಪೈಪಿನ ರಬ್ಬರ್, ಸೀಲುಗಳು. ತಿಂಗಳುಗಟ್ಟಲೆ ನಿಲ್ಲಿಸುವ ಕಾರಿನ ಟ್ಯಾಂಕಿನಲ್ಲಿ ಎಥನಾಲ್ ಗಾಳಿಯ ತೇವ ಹೀರುತ್ತದೆ. ಕೊಂಕಣದ ಮಳೆಗಾಲದಲ್ಲಿ ತೇವಕ್ಕೇನು ಬರ.

ಪದ್ಮಿನಿಯ ನೆಚ್ಚಿಕೆ ಕೆಟ್ಟಾಗ ಎಲ್ಲಿ ಬೇಕಾದರೂ ಸರಿಯಾಗುವುದರಲ್ಲಿತ್ತು, ಕೆ10ರ ನೆಚ್ಚಿಕೆ ಅಪರೂಪಕ್ಕೆ ಕೆಡುವುದರಲ್ಲಿದೆ. ಟ್ಯಾಪೆಟ್, ಪಾಯಿಂಟ್, ಕಾರ್ಬುರೇಟರ್ ಯಾವುದನ್ನೂ ಮುಟ್ಟಬೇಕಿಲ್ಲದ ಎಂಜಿನ್ ಮಾಲೀಕನನ್ನು ಸೋಮಾರಿ ಮಾಡುತ್ತದೆ. ಬಾನೆಟ್ ಎತ್ತುವುದು ವರ್ಷಕ್ಕೊಮ್ಮೆ, ಅದೂ ಸರ್ವಿಸ್ ಸೆಂಟರಿನವರು. ರೀಬೋರ್ ಮಾಡಿಸುವ ರೂಢಿಯೂ ಹೋಯಿತು. ಅಲ್ಯೂಮಿನಿಯಂ ಬ್ಲಾಕ್ ಸವೆದರೆ ಅಪಘಾತದ ಕಾರಿನಿಂದ ಇಳಿಸಿದ ಎಂಜಿನ್ ತಂದು ಕೂರಿಸುವುದೇ ಅಗ್ಗ. ಶೀಲ್‌ಫಾಟಾ ಸುತ್ತಿನ ಗುಜರಿ ಗೋದಾಮುಗಳಿಗೆ ಗಿರಾಕಿ ತಪ್ಪದಿರುವುದಕ್ಕೆ ಇದೂ ಒಂದು ಕಾರಣ.

ಹಾಗೆ ಹಳೆಯ ಎಂಜಿನ್ನೋ ಹಳೆಯ ಕಾರೋ ಕೊಳ್ಳುವವರು ಮೀಟರಿನ ಅಂಕಿಯನ್ನು ನೆಚ್ಚಬೇಕಿಲ್ಲ. ಮಾರುವವನು ಮೊದಲೇ ಬಿಸಿ ಮಾಡಿಡದಂತೆ ಬೆಳಿಗ್ಗೆ ತಣ್ಣಗಿರುವಾಗಲೇ ಹೋಗಿ ಸ್ಟಾರ್ಟ್ ಮಾಡಿಸಬೇಕು: ನೀಲಿ ಹೊಗೆ ಬಂದರೆ ಎಣ್ಣೆ ಸುಡುತ್ತಿದೆ, ನಿಲ್ಲದ ಬಿಳಿ ಹೊಗೆ ಬಂದರೆ ಹೆಡ್ ಗ್ಯಾಸ್ಕೆಟ್ ಮೂಲಕ ಕೂಲೆಂಟ್ ಒಳಸೇರುತ್ತಿದೆ. ಪ್ಲಗ್ ಬಿಚ್ಚಿ ಮೂರೂ ಸಿಲಿಂಡರಿನ ಕಂಪ್ರೆಷನ್ ಅಳೆಸಿದರೆ ಹತ್ತಿಪ್ಪತ್ತು ನಿಮಿಷದ ಕೆಲಸ. ಒಂದರ ಒತ್ತಡ ಉಳಿದೆರಡಕ್ಕಿಂತ ಎದ್ದುಕಾಣುವಷ್ಟು ಕೆಳಗಿದ್ದರೆ ಆ ಸಿಲಿಂಡರಿಗೆ ಸ್ವಲ್ಪ ಎಣ್ಣೆ ಬಿಟ್ಟು ಮತ್ತೆ ಅಳೆಯಬೇಕು. ಒತ್ತಡ ಏರಿದರೆ ಸವೆದಿರುವುದು ಪಿಸ್ಟನ್ ರಿಂಗ್. ಏರದಿದ್ದರೆ ವಾಲ್ವ್, ಸಿಎನ್‌ಜಿ ಕಾರುಗಳಲ್ಲಿ ಬಹುಪಾಲು ಇದೇ.